ಟೆಕ್ಸಸ್ ಬಿಸಿಲಲ್ಲಿ ನಮ್ಮ ಟ್ರೈಲರ್ ತಂಪಾದ ಬಗೆ

ಅಪ್ಪ ಅಮ್ಮ ಅಮೆರಿಕಕ್ಕೆ ಬರುವುದೇ ಬೇಸಿಗೆಯಲ್ಲಿ. ಮಗಳ ಶಾಲೆಗೆ ದೊಡ್ಡ ರಜೆ ಇರುವುದೂ ಜೂನ್‌ನಿಂದ ಆಗಸ್ಟ್ ನಡುವೆ. ಒಳಗೇ ಉಳಿಯಬಹುದಾದ ನಮ್ಮ ಟ್ರೈಲರ್‌ನಲ್ಲಿ ಅವರನ್ನು ಸುತ್ತಾಡಿಸಬೇಕು ಅಂದರೆ ಟೆಕ್ಸಸ್‌ನ ಸುಡುಬಿಸಿಲಲ್ಲೇ ಆಗಬೇಕು. ನಾವಿರುವುದು ಆಸ್ಟಿನ್‌ನಲ್ಲಿ. 2023ರ ಬೇಸಿಗೆಯಲ್ಲಿ ಇಲ್ಲಿ ಸತತ 45 ದಿನ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು ಇಲ್ಲವೇ ದಾಟಿತ್ತು. ನಮ್ಮ ಊರಿನ ಲೆಕ್ಕದಲ್ಲಿ ಸುಮಾರು 38 ಡಿಗ್ರಿ. ಬಳ್ಳಾರಿಯವರಿಗೆ 38 ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಆಸ್ಟಿನ್ ಗಾಳಿಯಲ್ಲಿ ತೇವ ಜಾಸ್ತಿ. ನಡು ಬೇಸಿಗೆಯಲ್ಲಿ ರಾತ್ರಿಯೂ 24, 25ರ ಆಸುಪಾಸಿನಲ್ಲೇ ಇರುತ್ತದೆ. ಬೆವರು ಆರುವುದೇ ಇಲ್ಲ.

ನಮ್ಮದು ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ, 24 ಅಡಿ ಉದ್ದದ ಕ್ಯಾಂಪರ್. ಒಳಗೆ ಹಾಸಿಗೆ, ಪುಟ್ಟ ಅಡುಗೆಮನೆ, ಬಚ್ಚಲು, ಫ್ರಿಜ್. ಸೂರಿನ ಮೇಲೆ ಒಂದೇ ಎಸಿ, 13,500 ಬಿಟಿಯು. ಗಂಟೆಗೆ ಎಷ್ಟು ಬಿಸಿ ಹೊರಹಾಕುತ್ತದೆ ಅನ್ನುವ ಅಳತೆ ಅದು. 12,000 ಬಿಟಿಯು ಅಂದರೆ ಒಂದು ಟನ್ ಅಲ್ವಾ, ಅದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಚಿಕ್ಕ ಜಾಗಕ್ಕೆ ಇಷ್ಟು ಧಾರಾಳ ಸಾಕು ಅಂತ ಕಾಗದದ ಮೇಲೆ ಅನ್ನಿಸುತ್ತದೆ. ಅಪ್ಪ ಒಳಗೆ ಬಂದು ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡಿದರು. "ಇದು ಮನಿ ಅಲ್ಲಪ್ಪಾ, ತಗಡಿನ ಡಬ್ಬಿ. ಇದಕ್ಕ ಎಸಿ ಆಮೇಲೆ. ಮೊದ್ಲು ಬಿಸ್ಲು ತಡೀಬೇಕು" ಅಂದರು.

ಅವರ ಮಾತು ಸುಮ್ನೆ ಬಂದದ್ದಲ್ಲ. ಅಪ್ಪ ಹುಟ್ಟಿದ್ದು ಬಳ್ಳಾರಿ ಹತ್ತಿರದ ಹಳ್ಳಿಯ ಮಾಳಿಗೆ ಮನೆಯಲ್ಲಿ. ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣು ಹಾಸಿದ ಮೇಲ್ಮುದ್ದೆ, ನಡುವೆ ಒಂದು ಬೆಳಕಿಂಡಿ. ಬೆಳಿಗ್ಗೆ ಎಂಟಕ್ಕೆ ಕಿಟಕಿ ಬಾಗಿಲು ಹಾಕಿದರೆ ತೆರೆಯುವುದು ಹೊತ್ತು ಮುಳುಗಿದ ಮೇಲೆ. ಮಣ್ಣು ರಾತ್ರಿಯ ತಂಪನ್ನು ಹಿಡಿದಿಟ್ಟುಕೊಂಡು ಮಧ್ಯಾಹ್ನದವರೆಗೂ ಕೊಡುತ್ತದೆ. ಟ್ರೈಲರ್‌ನ ಗೋಡೆ ಎರಡು ಇಂಚೂ ಇಲ್ಲ. ಹಿಡಿದಿಟ್ಟುಕೊಳ್ಳಲು ಅದರಲ್ಲಿ ಏನೂ ಇಲ್ಲ. ಬಿಸಿಲು ಬಿದ್ದ ಅರ್ಧ ಗಂಟೆಯಲ್ಲಿ ಕಾಯುತ್ತದೆ, ಬಿಸಿಲು ಹೋದರೆ ಅಷ್ಟೇ ಬೇಗ ಆರುತ್ತದೆ. ಈ ಎರಡನೆಯ ಗುಣ ಎಷ್ಟು ದೊಡ್ಡ ವರ ಅನ್ನುವುದು ನಮಗೆ ಗೊತ್ತಾದದ್ದು ಮುಂದೆ, ಬೆಟ್ಟದ ಮೇಲೆ.

ಹೊರಡುವ ಮೊದಲು ಮನೆ ಮುಂದೆಯೇ ಟ್ರೈಲರ್ ನಿಲ್ಲಿಸಿ ಪರೀಕ್ಷೆ ಮಾಡಿದೆವು. ಮನೆಯ ಮಾಮೂಲಿ 15 ಆಂಪ್ ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಈ ಎಸಿ ಓಡಿಸುವುದು ಒಳ್ಳೆಯದಲ್ಲ. ಓಡುವಾಗಲೇ ಅದು ಹನ್ನೆರಡು ಹದಿಮೂರು ಆಂಪ್ ಎಳೆಯುತ್ತದೆ, ವೈರು ಬಿಸಿಯಾಗುತ್ತದೆ. ಅದಕ್ಕೇ ಎಲೆಕ್ಟ್ರಿಷಿಯನ್ ಕರೆಸಿ ಟ್ರೈಲರ್‌ಗೆಂದೇ 30 ಆಂಪ್ ಸಾಕೆಟ್ ಹಾಕಿಸಿದೆ. ಇದನ್ನು ಮಾಡಿಸುವವರು ಒಂದು ವಿಷಯ ದಯವಿಟ್ಟು ಗಮನಿಸಿ. ಟ್ರೈಲರ್‌ನ 30 ಆಂಪ್ ಸಾಕೆಟ್ 120 ವೋಲ್ಟಿನದು. ಬಟ್ಟೆ ಒಣಗಿಸುವ ಡ್ರೈಯರ್‌ನ 30 ಆಂಪ್ ಸಾಕೆಟ್ 240 ವೋಲ್ಟಿನದು. ಮನೆ ಕೆಲಸವೇ ಮಾಡಿ ಅಭ್ಯಾಸವಾದ ಎಲೆಕ್ಟ್ರಿಷಿಯನ್‌ಗಳು 30 ಆಂಪ್ ಅಂದ ತಕ್ಷಣ ಡ್ರೈಯರ್‌ನದೇ ನೆನೆದು 240 ಕೊಟ್ಟುಬಿಡುವುದುಂಟು. ಹಾಗಾದರೆ ಟ್ರೈಲರ್‌ನ ಒಳಗಿನದೆಲ್ಲ ಸುಟ್ಟುಹೋಗುತ್ತದೆ. ಪ್ಲಗ್ ಚುಚ್ಚುವ ಮೊದಲು ಅಪ್ಪ ಮೀಟರ್ ಹಿಡಿದು ವೋಲ್ಟ್ ನೋಡಿದರು. 121 ತೋರಿಸಿತು. ಆಮೇಲೆಯೇ ಸ್ವಿಚ್ ಹಾಕಿದೆವು.

ಅಪ್ಪನ ಕೈಯಲ್ಲಿ ಮೀಟರ್ ನೋಡಿದರೆ ನನಗೆ ಧೈರ್ಯ. ಬಳ್ಳಾರಿಯಲ್ಲಿ ಅವರದು ಮೋಟರ್ ರಿವೈಂಡಿಂಗ್ ಅಂಗಡಿ. ಜೀವನವಿಡೀ ಸುಟ್ಟ ಪಂಪ್‌ಸೆಟ್ ಬಿಚ್ಚಿ ತಂತಿ ಸುತ್ತಿದವರು.

ಎಸಿ ಹಾಕಿ ಎರಡು ಗಂಟೆ ಕಳೆದರೂ ಒಳಗೆ 31 ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ. ಈ ಎಸಿಗಳು ಹೊರಗಿನ ಗಾಳಿ ಎಳೆಯುವುದಿಲ್ಲ, ಒಳಗಿನದನ್ನೇ ಹೀರಿ, ತಂಪು ಮಾಡಿ, ವಾಪಸ್ಸು ಬಿಡುತ್ತವೆ. ಹೀರುವ ಗಾಳಿಗೂ ಬಿಡುವ ಗಾಳಿಗೂ ನಡುವೆ ಸುಮಾರು 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 11 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಸಿಕ್ಕರೆ ಯಂತ್ರ ಚೆನ್ನಾಗಿದೆ ಅಂತ ಅರ್ಥ. ನಮ್ಮದರಲ್ಲಿ ಎಂಟೂ ಸಿಗುತ್ತಿರಲಿಲ್ಲ. ಫಿಲ್ಟರ್ ತೊಳೆದೆವು, ಏನೂ ಬದಲಾಗಲಿಲ್ಲ.

ಆಗ ಸೂರಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದೆವು. ನಾಲ್ಕೇ ಸ್ಕ್ರೂ. ಮೇಲೆ ಹದಿನಾಲ್ಕು ಇಂಚಿನ ಚೌಕ ರಂಧ್ರ. ಅದರ ಒಂದು ಪಾಲಿನಿಂದ ಬಿಸಿ ಗಾಳಿ ಮೇಲಕ್ಕೆ ಹೋಗಬೇಕು, ಇನ್ನೊಂದು ಪಾಲಿನಿಂದ ತಂಪು ಗಾಳಿ ಕೆಳಕ್ಕೆ ಬರಬೇಕು. ನಡುವೆ ಒಂದು ತೆಳ್ಳನೆ ಅಡ್ಡಗೋಡೆ. ಅದರ ಎರಡೂ ಅಂಚಿನಲ್ಲಿ ಬೆರಳು ತೂರುವಷ್ಟು ಸಂದು. ಅಪ್ಪ ಒಂದು ಟಿಶ್ಯೂ ಚೂರು ಹಿಡಿದರು, ಸರ್ರನೆ ಸಂದಿನೊಳಕ್ಕೆ ಎಳೆದುಕೊಂಡಿತು. ತಂಪಾಗಿ ಬಂದ ಗಾಳಿ ಕೋಣೆಗೆ ಇಳಿಯುವ ಮೊದಲೇ ಸಂದಿನಿಂದ ನುಸುಳಿ ಮತ್ತೆ ಎಸಿ ಬಾಯಿಗೇ ಹೋಗುತ್ತಿತ್ತು. ಇನ್ನೊಂದಿಷ್ಟು ಸೂರಿನ ಪದರಗಳ ನಡುವೆ ಸೋರುತ್ತಿತ್ತು. ಕಾರ್ಖಾನೆಯಿಂದಲೇ ಹಾಗೆ ಬಂದದ್ದು. ಇಲ್ಲಿ ಬಹಳ ಟ್ರೈಲರ್‌ಗಳಲ್ಲಿ ಇದೇ ಕಥೆ.

ಪರಿಹಾರ ಒಂದು ಸುರುಳಿ ಅಲ್ಯೂಮಿನಿಯಂ ಫಾಯಿಲ್ ಟೇಪು. ಮಾಮೂಲಿ ಬೂದು ಬಟ್ಟೆ ಟೇಪು ಬೇಡ, ಬಿಸಿಗೆ ಅಂಟು ಬಿಟ್ಟು ಉದುರುತ್ತದೆ. ಅಪ್ಪ ಮೊದಲು ಒಳಗಿನ ಧೂಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಆರುವವರೆಗೆ ಕಾದರು. ಆಮೇಲೆ ಅಡ್ಡಗೋಡೆಯ ಅಂಚು, ನಾಲ್ಕು ಮೂಲೆ, ನಾಳಗಳು ಶುರುವಾಗುವ ಬಾಯಿ, ಎಲ್ಲ ಕಡೆ ಟೇಪು ಹಚ್ಚಿ ಚಮಚದ ಹಿಂಭಾಗದಿಂದ ಉಜ್ಜಿದರು. ಒಂದು ಸುಕ್ಕೂ ಉಳಿಯಲಿಲ್ಲ. ಮುಚ್ಚಳ ಹಾಕಿ ಎಸಿ ಓಡಿಸಿದರೆ ವ್ಯತ್ಯಾಸ 11 ಡಿಗ್ರಿ! ಅದೇ ಬಿಸಿಲು, ಅದೇ ಎಸಿ. ಟ್ರೈಲರ್ ಇಟ್ಟುಕೊಂಡವರು ಬೇರೆ ಯಾವ ಖರ್ಚು ಮಾಡುವ ಮೊದಲು ಇದೊಂದನ್ನು ನೋಡಲಿ ಅನ್ನುವುದು ನನ್ನ ಕಳಕಳಿ.

ಬಿಸಿಲು ಎಲ್ಲಿಂದ ಒಳಗೆ ಬರುತ್ತಿದೆ ಅಂತ ನೋಡಲು ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದೆ. ಬಚ್ಚಲ ಮೇಲಿನ ಪಾರದರ್ಶಕ ಗುಮ್ಮಟ ಒಳಗಡೆಯಿಂದಲೇ 50 ದಾಟಿತ್ತು. ಅದು ನಮ್ಮ ಬೆಳಕಿಂಡಿ. ಸೂರಿನ ಫ್ಯಾನ್ ಕಿಂಡಿಗಳೂ ಹಾಗೇ ಕಾದಿದ್ದವು. ಕಿಂಡಿಗಳಿಗೆ ಅಳತೆಗೆ ಸರಿಯಾದ ದಪ್ಪ ಸ್ಪಂಜಿನ ದಿಂಬು ಸಿಗುತ್ತವೆ, ಕೆಳಗಿನಿಂದ ತುರುಕಿದರೆ ಆಯಿತು. ಗುಮ್ಮಟಕ್ಕೂ ಕಿಟಕಿಗಳಿಗೂ ಬೆಳ್ಳಿ ಬಣ್ಣದ ಗುಳ್ಳೆ ಹಾಳೆ ಕತ್ತರಿಸಿದೆ. ಎಲ್ಲರೂ ಅದನ್ನು ಒಳಗಡೆ ಹಚ್ಚುತ್ತಾರೆ. ಅಪ್ಪ ಒಪ್ಪಲಿಲ್ಲ. ಗಾಜು ದಾಟಿ ಬಂದ ಮೇಲೆ ತಡೆದರೆ ಏನು ಬಂತು, ಗಾಜೇ ಕಾದು ಒಳಗೆ ಝಳ ಬಿಡುತ್ತದೆ ಅಲ್ವಾ ಅಂದರು. ಪಶ್ಚಿಮದ ಕಿಟಕಿಗಳಿಗೆ ಹೊರಗಿನಿಂದಲೇ ಕಟ್ಟಿದೆವು. ಜೊತೆಗೆ ಸಸಿ ಮಡಿಗಳ ಮೇಲೆ ಹಾಕುವಂಥ ನೆರಳು ಪರದೆ. ಅದನ್ನು ಗೋಡೆಗೆ ಅಂಟಿಸದೆ, ಒಂದು ಗೇಣು ದೂರ ಬಿಟ್ಟು, ನಡುವೆ ಗಾಳಿ ಆಡುವಂತೆ ಹಗ್ಗದಲ್ಲಿ ಎಳೆದು ಕಟ್ಟಿದರು.

ಮೊದಲ ಪಯಣ ಹತ್ತಿರದ ಒಂದು ಕೆರೆ ದಂಡೆಗೆ. ಟ್ರೈಲರ್ ನಿಲ್ಲಿಸಿ ಕರೆಂಟ್ ಪಡೆಯುವ ಅಲ್ಲಿನ ಕ್ಯಾಂಪ್‌ಗ್ರೌಂಡ್ ತುಂಬಿ ತುಳುಕುತ್ತಿತ್ತು. ಮಧ್ಯಾಹ್ನ ಮೂರರವರೆಗೆ ಒಳಗೆ 25 ಡಿಗ್ರಿ, ಅಮ್ಮ ಹೊದ್ದುಕೊಂಡು ನಿದ್ದೆ ಮಾಡಿದ್ದರು. ನಾಲ್ಕು ದಾಟಿದ ಮೇಲೆ ಎಸಿಯ ದನಿ ಭಾರವಾಯಿತು. ಅಪ್ಪ ತಕ್ಷಣ ಕಿವಿಗೊಟ್ಟರು. "ವೋಲ್ಟೇಜ್ ಬೀಳ್ತಾ ಐತೆ ನೋಡು." ಕರೆಂಟಿನ ಕಂಬಕ್ಕೂ ನಮ್ಮ ವೈರಿಗೂ ನಡುವೆ ಹಾಕಿದ್ದ ರಕ್ಷಣಾ ಪೆಟ್ಟಿಗೆಯಲ್ಲಿ 109, 107, 105. ಎಲ್ಲರ ಎಸಿಯೂ ಒಟ್ಟಿಗೆ ಓಡುತ್ತಿದ್ದವು, ಹಳೆಯ ವೈರಿಂಗು ತಡೆಯುತ್ತಿರಲಿಲ್ಲ. ವೋಲ್ಟೇಜ್ ಇಳಿದಾಗ ಮೋಟರ್ ಅದೇ ಕೆಲಸಕ್ಕೆ ಹೆಚ್ಚು ಕರೆಂಟ್ ಎಳೆಯುತ್ತದೆ, ಸುರುಳಿ ಕಾಯುತ್ತದೆ, ಕೊನೆಗೆ ಸುಡುತ್ತದೆ. ಬೇಸಿಗೆಯಲ್ಲಿ ಹೊಲದ ಪಂಪ್‌ಸೆಟ್ಟುಗಳು ಸಾಲುಸಾಲಾಗಿ ಅಪ್ಪನ ಅಂಗಡಿಗೆ ಬರುತ್ತಿದ್ದದ್ದೂ ಇದೇ ಕಾರಣಕ್ಕೆ. 104ಕ್ಕಿಂತ ಕೆಳಗಿಳಿದಾಗ ಪೆಟ್ಟಿಗೆ ತಾನೇ ಕರೆಂಟ್ ಕಡಿದುಹಾಕಿತು. ಕಂಪ್ರೆಸರ್ ಉಳಿಯಿತು.

ಆದರೆ ಒಳಗೆ ಬಿಸಿ ಏರತೊಡಗಿತು. ಅರ್ಧ ಗಂಟೆಯಲ್ಲಿ 34. ಅಮ್ಮನಿಗೆ ಸಕ್ಕರೆ ಕಾಯಿಲೆ, ಅಪ್ಪನಿಗೆ ಬಿಪಿ ಮಾತ್ರೆ. ವಯಸ್ಸಾದವರ ಮೈ ಬಿಸಿಯನ್ನು ಬೇಗ ಹೊರಹಾಕಲಾರದು, ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. ಅವರು ಪರವಾಗಿಲ್ಲ ಅನ್ನುತ್ತಾರೆ, ನಾವು ನಂಬಬಾರದು. ಹೆಂಡತಿ ಮೊದಲೇ ಹೇಳಿಟ್ಟಿದ್ದಳು, ಒಳಗೆ 32 ದಾಟಿದರೆ ಚರ್ಚೆ ಇಲ್ಲ, ಎಲ್ಲರೂ ಟ್ರಕ್ಕಿಗೆ. "ಅತ್ತೆ, ಏಳ್ರಿ, ಪೇಟೆಗೆ ಹೋಗಿ ಬರೋಣ" ಅಂತ ಕೈಹಿಡಿದು ಎಬ್ಬಿಸಿಕೊಂಡು ಹೋದಳು. ಊರ ಗ್ರಂಥಾಲಯದ ತಂಪಿನಲ್ಲಿ ಮುಚ್ಚುವವರೆಗೆ ಕೂತೆವು. ಹೊತ್ತು ಇಳಿದ ಮೇಲೆ ವೋಲ್ಟೇಜ್ ಮತ್ತೆ 115ಕ್ಕೆ ಬಂತು.

ಸ್ಟೆಬಿಲೈಸರ್ ಇಲ್ವಾ ಇಲ್ಲಿ ಅಂತ ಅಪ್ಪ ಕೇಳಿದರು. ಇದೆ. ಇಳಿದ ವೋಲ್ಟೇಜನ್ನು ಸುಮಾರು ನೂರಕ್ಕೆ ಹತ್ತರಷ್ಟು ಎತ್ತಿ ಕೊಡುವ ಪೆಟ್ಟಿಗೆ. ಆದರೆ ಅದು ಎತ್ತುವುದು ಕಂಬದಿಂದ ಅಷ್ಟೇ ಹೆಚ್ಚು ಆಂಪ್ ಎಳೆದು. ಎಲ್ಲರೂ ಹಾಗೆ ಮಾಡಿದರೆ ಆ ಕ್ಯಾಂಪ್‌ಗ್ರೌಂಡಿನ ಗತಿ ಏನು ಅಂತ ಅವರೇ ತಲೆ ಅಲ್ಲಾಡಿಸಿದರು. ನಾವು ಕೊಳ್ಳಲಿಲ್ಲ. ನಮ್ಮ ಹೊರೆ ಇಳಿಸಿದೆವು. ನೀರು ಕಾಯಿಸುವುದು ಗ್ಯಾಸಿಗೆ, ಫ್ರಿಜ್ ಗ್ಯಾಸಿಗೆ, ಮೈಕ್ರೋವೇವ್ ಸಂಜೆಯವರೆಗೆ ಬಂದ್. 30 ಆಂಪ್ ಪೂರ್ತಿ ಎಸಿಯದೇ.

ಅಡುಗೆ ಹೊರಗೆ ಹೋಯಿತು. ಗ್ಯಾಸ್ ಒಲೆ ಒಳಗೆ ಉರಿದರೆ ಬಿಸಿಯ ಜೊತೆ ನೀರಾವಿಯೂ ಬರುತ್ತದೆ, ಎಸಿ ಅದನ್ನೂ ಹಿಂಡಬೇಕು. ಅಮ್ಮ ನಸುಕಿನಲ್ಲೇ ಹೊರಗಿನ ಮೇಜಿನ ಮೇಲೆ ಜೋಳದ ರೊಟ್ಟಿ ಬಡಿದು ಮುಗಿಸುತ್ತಿದ್ದರು. ಮಧ್ಯಾಹ್ನಕ್ಕೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಉಳ್ಳಾಗಡ್ಡಿ. ಒಲೆ ಹಚ್ಚುವ ಮಾತೇ ಇಲ್ಲ. ಮಜ್ಜಿಗೆಗೆ ಉಪ್ಪು, ಜೀರಿಗೆ, ಕೊತ್ತಂಬರಿ ಹಾಕಿ ದೊಡ್ಡ ಜಗ್ಗಿನಲ್ಲಿ ಇಡುತ್ತಿದ್ದರು. ಪಕ್ಕದ ಟ್ರೈಲರ್‌ನ ಅಜ್ಜಿಯೂ ಒಂದು ಲೋಟ ಕುಡಿದು ಮತ್ತೊಂದು ಕೇಳಿದರು.

ಫ್ರಿಜ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅದರೊಳಗೆ ಅಮ್ಮನ ಇನ್ಸುಲಿನ್ ಇತ್ತು. ನಮ್ಮ ಫ್ರಿಜ್‌ಗೆ ಕಂಪ್ರೆಸರ್ ಇಲ್ಲ. ಗ್ಯಾಸಿನ ಉರಿ ಅಥವಾ ಕರೆಂಟಿನ ಶಾಖದಿಂದ ಅಮೋನಿಯಾ ಕಾಯಿಸಿ ತಂಪು ಮಾಡುವ ಜಾತಿಯದು. ಅದರ ಬೆನ್ನಿನ ಬಿಸಿ ಹೊರಗೋಡೆಯ ಜಾಲರಿಯಿಂದ ಹೊರಹೋಗಬೇಕು. ಆ ಗೋಡೆಗೆ ಬಿಸಿಲು ಬಿದ್ದರೆ ಒಳಗಿನದು ತಣ್ಣಗಾಗುವುದೇ ಇಲ್ಲ. ಸೀಲು ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ನಡುವೆ ಇರಬೇಕು. ಫ್ರಿಜ್ ಒಳಗೆ ಸಣ್ಣ ಥರ್ಮಾಮೀಟರ್ ಇಟ್ಟು ನೋಡಿದರೆ ಸಂಜೆ 11. ಅಪ್ಪ ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ಜಾಲರಿಯ ಒಳಗೆ, ಗಾಳಿ ಮೇಲಕ್ಕೆ ತಳ್ಳುವ ಹಾಗೆ ಕೂರಿಸಿದರು. ಮರುದಿನ ಅದೇ ಹೊತ್ತಿಗೆ 6. ಅಮ್ಮ ದಿನಾ ಬಳಸುವ ಇನ್ಸುಲಿನ್ ಪೆನ್ 30 ಡಿಗ್ರಿಯೊಳಗೆ ಹೊರಗಿದ್ದರೂ ನಾಲ್ಕು ವಾರ ನಡೆಯುತ್ತದೆ. ಅದನ್ನು ಯಾವತ್ತೂ ಟ್ರಕ್ಕಿನಲ್ಲಿ ಬಿಡದೆ ಕೈಚೀಲದಲ್ಲೇ ಇಟ್ಟುಕೊಳ್ಳುತ್ತಿದ್ದರು.

ಜುಲೈನಲ್ಲಿ ಪಶ್ಚಿಮಕ್ಕೆ ಹೊರಟೆವು, ಡೇವಿಸ್ ಬೆಟ್ಟಗಳ ಕಡೆಗೆ. ಆಸ್ಟಿನ್‌ನಿಂದ ಸುಮಾರು 400 ಮೈಲಿ. ನಸುಕಿನಲ್ಲಿ, ಟೈರು ತಣ್ಣಗಿದ್ದಾಗಲೇ ಗಾಳಿ ಅಳೆದುಕೊಂಡು ಹೊರಟೆವು. ಅಲ್ಲಿ ಹೆದ್ದಾರಿಯಲ್ಲಿ 80 ಮೈಲಿ ವೇಗಕ್ಕೆ ಅನುಮತಿ ಇದೆ, ಆದರೆ ಬಹಳಷ್ಟು ಟ್ರೈಲರ್ ಟೈರುಗಳು 65ಕ್ಕೆಂದೇ ಮಾಡಿದವು. ಕಾದ ಡಾಂಬರಿನ ಮೇಲೆ ಅದಕ್ಕಿಂತ ಜೋರಾಗಿ ಹೋಗುವುದು ಬೇಡ. ಓಡುವಾಗ ಟ್ರೈಲರ್‌ನ ಎಸಿ ನಡೆಯುವುದಿಲ್ಲ, ಹಾಗಾಗಿ ತಲುಪುವ ಹೊತ್ತಿಗೆ ಒಳಗೆ 45 ಡಿಗ್ರಿ. ತಲುಪಿದ ಕೂಡಲೇ ಎಸಿ ಹಾಕುವುದಕ್ಕಿಂತ ಮೊದಲು ಸೂರಿನ ಫ್ಯಾನ್ ಹತ್ತು ನಿಮಿಷ ಹೊರಮುಖವಾಗಿ ಓಡಿಸಿ ಆ ಕಾದ ಗಾಳಿಯನ್ನು ಹೊರಹಾಕಬೇಕು. ಎಸಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ದಾರಿಯಲ್ಲಿ ಬಾಲ್ಮೊರೇ. ಮರುಭೂಮಿ ನಡುವೆ ಬುಗ್ಗೆ ನೀರಿನ ಕೊಳ. 1930ರ ದಶಕದಲ್ಲಿ ಸರ್ಕಾರದ ಕೆಲಸದ ಯೋಜನೆಯಲ್ಲಿ ಯುವಕರು ಕಟ್ಟಿದ್ದು. ಸ್ಯಾನ್ ಸಾಲೊಮನ್ ಬುಗ್ಗೆಯಿಂದ ದಿನಕ್ಕೆ ಒಂದೂವರೆ ಕೋಟಿ ಗ್ಯಾಲನ್ ನೀರು ಉಕ್ಕುತ್ತದೆ. ವರ್ಷವಿಡೀ 22ರಿಂದ 24 ಡಿಗ್ರಿ. ಹೊರಗೆ ನಲವತ್ತರ ಝಳ. ಮಗಳೂ ತಾತನೂ ಕಾಲು ಇಳಿಬಿಟ್ಟು ಕೂತರು, ಬೆರಳಷ್ಟು ಮೀನುಗಳು ಬಂದು ಪಾದಕ್ಕೆ ಕಚ್ಚಿದವು. ಆಮೇಲೆ ಅಪ್ಪ ಅಂಗಿ ಬಿಚ್ಚಿ ಇಳಿದೇಬಿಟ್ಟರು. ತುಂಗಭದ್ರಾ ಕಾಲುವೆಯಲ್ಲಿ ಈಜು ಕಲಿತ ಮೈ ಅದು. ಹಾಗೆ ಮುಳುಗಿ ಎದ್ದ ಮೇಲೆ ಎರಡು ಮೂರು ಗಂಟೆ ಯಾವ ಎಸಿಯೂ ಬೇಡ.

ಅಲ್ಲಿಂದ ಮುಂದೆ ರಸ್ತೆ ಏರುತ್ತದೆ. ಡೇವಿಸ್ ಮೌಂಟನ್ಸ್ ಸ್ಟೇಟ್ ಪಾರ್ಕ್ ಇರುವುದು ಸುಮಾರು 5,000 ಅಡಿ ಎತ್ತರದಲ್ಲಿ. ಸಾವಿರ ಅಡಿ ಏರಿದರೆ ಸುಮಾರು ಎರಡು ಡಿಗ್ರಿ ಇಳಿಯುತ್ತದೆ. ಅದಕ್ಕಿಂತ ಮುಖ್ಯ, ಅಲ್ಲಿನ ಗಾಳಿ ಒಣ. ನಮ್ಮ ಜಾಗ ನೋಡಿದ ಕೂಡಲೇ ಅಪ್ಪ ದಿಕ್ಕು ಲೆಕ್ಕ ಹಾಕಿದರು. ಟ್ರೈಲರ್ ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ನಿಂತರೆ ಸಂಜೆ ಬಿಸಿಲು ಗಿಡ್ಡ ಗೋಡೆಗೆ ಬೀಳುತ್ತದೆ, ಉದ್ದ ಗೋಡೆ ಉಳಿಯುತ್ತದೆ. ಫ್ರಿಜ್ ಇರುವ ಕಡೆ ಉತ್ತರಕ್ಕೆ. ಬಾಗಿಲ ಮುಂದಿನ ಚಪ್ಪರದ ಬಟ್ಟೆ ದಕ್ಷಿಣಕ್ಕೆ ಬಂತು. ಓಕ್ ಮರದ ನೆರಳೂ ಸಿಕ್ಕಿತು.

ಇಲ್ಲಿ ಅಪ್ಪನ ಬಳ್ಳಾರಿ ಪಾಠ ಪೂರ್ತಿ ನಡೆಯಿತು. ಬೆಳಿಗ್ಗೆ ಎಂಟಕ್ಕೇ ಕಿಟಕಿ ಹಾಕಿ ಎಸಿ ಶುರು. ಮಧ್ಯಾಹ್ನ ಕಾದ ಮೇಲೆ ಹಾಕಿದರೆ ಈ ಸಣ್ಣ ಯಂತ್ರ ಸೋಲುತ್ತದೆ, ತಂಪಾಗಿದ್ದದ್ದನ್ನು ಕಾಯ್ದುಕೊಳ್ಳುವುದು ಅದಕ್ಕೆ ಸುಲಭ. ಸಂಜೆ ಏಳೂವರೆಗೆ ಎಸಿ ಬಂದ್. ಹಾಸಿಗೆ ಪಕ್ಕದ ಒಂದೇ ಕಿಟಕಿ ತೆರೆದು, ಅದಕ್ಕೆ ಒದ್ದೆ ಪಂಚೆ ಇಳಿಬಿಟ್ಟು, ಟ್ರೈಲರ್‌ನ ಇನ್ನೊಂದು ತುದಿಯ ಸೂರಿನ ಫ್ಯಾನ್ ಹೊರಮುಖವಾಗಿ ಓಡಿಸಿದೆವು. ಎಲ್ಲ ಕಿಟಕಿ ತೆರೆದರೆ ಗಾಳಿ ಚೆದುರುತ್ತದೆ. ಒಂದೇ ತೆರೆದರೆ ಅಲ್ಲಿಂದಲೇ ಬರಬೇಕು, ಮೈ ಮೇಲೆ ಹಾದೇ ಹೋಗಬೇಕು. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದ ಹಾಗೆಯೇ ತಂಪು. ಆಸ್ಟಿನ್‌ನಲ್ಲಿ ಇದನ್ನೇ ಮಾಡಿದರೆ ಹಾಸಿಗೆ ಮುಗ್ಗುತ್ತದೆ ಅಷ್ಟೇ, ಮಂಗಳೂರಿನಲ್ಲಿ ಕೂಲರ್ ಇಟ್ಟ ಹಾಗೆ. ರಾತ್ರಿ ಹತ್ತಕ್ಕೆ ಒಳಗೆ 22, ಬೆಳಗಿನ ಜಾವ 18. ತೆಳು ಗೋಡೆಯ ಡಬ್ಬಿ ಬೇಗ ಆರುವುದು ಇಲ್ಲಿ ಕೈಹಿಡಿಯಿತು. ಎಸಿಯ ಗದ್ದಲ ಇಲ್ಲದೆ ಮಲಗಿದ್ದು ಇಡೀ ಬೇಸಿಗೆಯಲ್ಲಿ ಅಲ್ಲೇ.

ಒಂದು ಮಧ್ಯಾಹ್ನ ಗುಡುಗು ಮಳೆ ಬಂತು. ಜುಲೈ, ಆಗಸ್ಟ್‌ನಲ್ಲಿ ಆ ಕಡೆ ಹೀಗೆ ಮಧ್ಯಾಹ್ನದ ಮಳೆ ಮಾಮೂಲು. ಮಳೆ ನಿಂತ ಮೇಲೆ ಒದ್ದೆ ಪಂಚೆ ಕೆಲಸ ಮಾಡಲಿಲ್ಲ, ಗಾಳಿಯೇ ತೇವವಾಗಿತ್ತು. ಪಂಚೆ ತೆಗೆದು ಬರೀ ಫ್ಯಾನ್ ಓಡಿಸಿದೆವು. ಚಪ್ಪರದ ಬಟ್ಟೆಯನ್ನು ಮಾತ್ರ ಗಾಳಿ ಏಳುವ ಮೊದಲೇ ಸುತ್ತಿ ಇಡಬೇಕು, ಒಂದು ಬಿರುಗಾಳಿ ಸಾಕು ಅದರ ಕೈಗಳು ಬಾಗಲು.

ಅದೇ ಪಾರ್ಕಿನೊಳಗೆ ಇಂಡಿಯನ್ ಲಾಡ್ಜ್ ಅನ್ನುವ ಹಳೆಯ ವಸತಿಗೃಹ ಇದೆ, ಅದೂ 1930ರ ದಶಕದ್ದೇ. ಹಸಿ ಇಟ್ಟಿಗೆಯ ಕಟ್ಟಡ. ಗೋಡೆ 18 ಇಂಚು ದಪ್ಪ. ಅಪ್ಪ ನಡುಹಗಲು ಅದರ ನೆರಳಿನ ಕಡೆಯ ಗೋಡೆಗೆ ಎರಡೂ ಅಂಗೈ ಒತ್ತಿ ನಿಂತರು. "ನಮ್ಮ ಮನಿ ಗ್ವಾಡಿ ಇದು" ಅಂದರು. ಅಮ್ಮನನ್ನೂ ಕರೆದು ಮುಟ್ಟಿಸಿದರು. ಎಲ್ಲೋ ಇರುವ ಮೆಕ್ಸಿಕೋ ಗಡಿಯ ಜನ ಮತ್ತು ನಮ್ಮ ಬಳ್ಳಾರಿ ಜನ ಒಂದೇ ಬಿಸಿಲಿಗೆ ಒಂದೇ ಉತ್ತರ ಕಂಡುಕೊಂಡರಲ್ಲ ಅಂತ ನನಗೆ ಬಹಳ ಖುಷಿಯಾಯಿತು.

ಈಗ ಅಪ್ಪ ಅಮ್ಮ ಮುಂದಿನ ಬೇಸಿಗೆಗೂ ಬರುತ್ತೇವೆ ಅಂದಿದ್ದಾರೆ. ಜೂನ್, ಜುಲೈನಲ್ಲಿ ಆಸ್ಟಿನ್ ಸುತ್ತಲಿನ ಕೆರೆಗಳ ಕಡೆ ಅವರನ್ನು ಕರೆದುಕೊಂಡು ಹೋಗುವುದಿಲ್ಲ ಅಂತ ಮನೆಯಲ್ಲಿ ತೀರ್ಮಾನವಾಗಿದೆ, ಆ ಕೆರೆಗಳಿಗೆ ನವೆಂಬರ್ ಇದೆ. ಬೇಸಿಗೆಗೆ ಬೆಟ್ಟವೇ. ಟೆಕ್ಸಸ್ ಸ್ಟೇಟ್ ಪಾರ್ಕುಗಳ ಕ್ಯಾಂಪ್ ಜಾಗಗಳನ್ನು ಐದು ತಿಂಗಳು ಮೊದಲೇ ಕಾಯ್ದಿರಿಸಬಹುದು. ಕರೆಂಟ್ ಇರುವ, ಮರದ ನೆರಳಿರುವ, ಪೂರ್ವ ಪಶ್ಚಿಮಕ್ಕೆ ಚಾಚಿದ ಜಾಗಗಳು ಬೇಗ ಹೋಗುತ್ತವೆ. ಪಾರ್ಕಿನ ನಕ್ಷೆ ಮುದ್ರಿಸಿ ಅಂಥ ಜಾಗಗಳಿಗೆಲ್ಲ ಗುರುತು ಹಾಕಿ ಇಟ್ಟಿದ್ದೇನೆ. ಜುಲೈಗೆ ಬೇಕಾದದ್ದನ್ನು ಫೆಬ್ರವರಿಯಲ್ಲೇ ಹಿಡಿಯಬೇಕು.